ಜೀವನ್‌ಜಿಯವರ ಕಥೆಯನ್ನು ಕ್ಲಾಸಿನಲ್ಲಿ ಹೇಳುವುದು ಹೇಗೆ

ಮಂಗಳೂರಿನ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್ ಆಗಿದ್ದೆ. ಕಡಲು ದಾಟಿದವರ ಪಾಠ ಬಂದಾಗೆಲ್ಲ ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ಹೆಸರು ಮಾಡಿದ ಭಾರತೀಯ ವ್ಯಾಪಾರಿ ಎ.ಎಂ. ಜೀವನ್‌ಜಿಯವರ ಕಥೆ ಹೇಳುತ್ತಿದ್ದೆ. ನೀವೂ ಹೇಳುವುದಾದರೆ ಅವರು ಸದಸ್ಯರಾಗಿದ್ದ ಅಲ್ಲಿನ ಶಾಸನಸಭೆಯಿಂದ ಶುರು ಮಾಡಬೇಡಿ. ಸರಕಿನಿಂದ ಶುರು ಮಾಡಿ.

ಮೊದಲು ಒಂದು ಹಳೇ ಹಂಚು ತನ್ನಿ. ಮನೆ ಕೆಡವುವ ಕಡೆ ಕೇಳಿದರೆ ಸುಮ್ನೆ ಕೊಡುತ್ತಾರೆ. ನನ್ನ ಹಂಚಿನ ಮೂಲೆ ಮುರಿದಿದೆ, ಎಷ್ಟು ಉಜ್ಜಿದರೂ ಪಾಚಿಯ ಕಪ್ಪು ಹೋಗಿಲ್ಲ, ಆದರೂ ಹಿಂಬದಿಯ ಅಚ್ಚಿನ ಅಕ್ಷರ ಬೆರಳಿಗೆ ತಾಗುತ್ತದೆ. ಮಕ್ಕಳ ಕೈಗೆ ಕೊಡಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಈ ಕಸುಬಿನ ಹಂಚು ಪೂರ್ವ ಆಫ್ರಿಕಾಕ್ಕೂ ಹೋಗುತ್ತಿತ್ತು ಅಂತ ಹೇಳಿ. ಆಮೇಲೆ ಕೀನ್ಯಾದ ಬಂದರು ಮೊಂಬಾಸಾ ಅಂದರೆ ಅವರಿಗೆ ಅಷ್ಟು ದೂರ ಅನಿಸುವುದಿಲ್ಲ.

ಹುಟ್ಟು, ಊರು ಬೇಗ ಮುಗಿಸಿ. 1856ರಲ್ಲಿ ಕರಾಚಿಯಲ್ಲಿ ಹುಟ್ಟಿದವರು, ಬೋಹ್ರಾ ಅನ್ನುವ ಮುಸ್ಲಿಂ ವ್ಯಾಪಾರಿ ಸಮುದಾಯದ ಮನೆತನ, 1890ರಲ್ಲಿ ಮೊಂಬಾಸಾಕ್ಕೆ ಬಂದರು. ಇಷ್ಟು ಸಾಕು.

ನಿಧಾನ ಮಾಡಬೇಕಾದದ್ದು ರೈಲಿನ ಹತ್ತಿರ. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ಒಳನಾಡಿನ ಕಡೆ ಹಳಿ ಹಾಕಲು ಶುರು ಮಾಡಿದರು. ಭಾರತದಿಂದ ಕೂಲಿಯವರನ್ನು ಕರೆತರುವ, ಅವರಿಗೆ ರೇಷನ್ ಒದಗಿಸುವ ಗುತ್ತಿಗೆ ಜೀವನ್‌ಜಿಯವರಿಗೂ ಸಿಕ್ಕಿತು. ಮೇಜಿನ ಮೇಲೆ 32 ಅಡಿಕೆ ಸಾಲಾಗಿ ಇಡಿ. ಒಂದಡಿಕೆ ಅಂದರೆ ಸಾವಿರ ಜನ. ಒಟ್ಟು ಅಷ್ಟು ಮಂದಿ ಕೆಲಸಕ್ಕೆ ಹೋದರು. ಎರಡು ಅಡಿಕೆ ಬದಿಗೆ ಸರಿಸಿ, ಮೂರನೆಯದನ್ನು ಅಡಕತ್ತರಿಯಲ್ಲಿ ಹೋಳು ಮಾಡಿ, ಅರ್ಧವನ್ನು ಅವುಗಳ ಜೊತೆ ಇಡಿ. ಸತ್ತವರು ಅಷ್ಟು. ಆ 'ಟಕ್' ಸದ್ದಿಗೆ ಕ್ಲಾಸು ತಾನಾಗಿಯೇ ಸುಮ್ಮನಾಗುತ್ತದೆ. ನೀವೂ ಸ್ವಲ್ಪ ಹೊತ್ತು ಮಾತಾಡಬೇಡಿ.

ಅಡಿಕೆ ಅಲ್ಲೇ ಇರಲಿ. ಈಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕೀನ್ಯಾದ ಶಾಸನಸಭೆಗೆ ಬನ್ನಿ. ಅಲ್ಲಿ ಕುಳಿತ ಮೊದಲ ಭಾರತೀಯ ಇವರು. ಓಟಿನಿಂದ ಗೆದ್ದದ್ದಲ್ಲ, ನೇಮಕವಾದದ್ದು. ಎತ್ತರದ ಒಳ್ಳೆ ಜಮೀನೆಲ್ಲ ಬಿಳಿಯರಿಗೆ ಮಾತ್ರ ಅನ್ನುವುದನ್ನು ಅವರು ಗಟ್ಟಿಯಾಗಿ ವಿರೋಧಿಸಿದರು. ಅದನ್ನು ಮನಸಾರೆ ಮೆಚ್ಚಿ ಹೇಳಿ. ಆದರೆ ಆ ನೆಲ ಯಾರದ್ದಾಗಿತ್ತೋ ಆ ಆಫ್ರಿಕನ್ನರಿಗೆ ಅದೇ ಸಭೆಯಲ್ಲಿ ತಮ್ಮವರೊಬ್ಬರ ಕುರ್ಚಿ ಸಿಕ್ಕಿದ್ದು 1944ರಲ್ಲಿ, ಎಲಿಯುಡ್ ಮಾಥು ಬಂದಾಗ. ಇದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವೇ ಅಲ್ವಾ?

'ಇವರು ಒಳ್ಳೆಯವರಾ ಟೀಚರ್?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಬೇಡಿ. ನೈರೋಬಿಯಲ್ಲಿ 1906ರಲ್ಲಿ ಅವರು ಊರಿಗೆ ಬಿಟ್ಟುಕೊಟ್ಟ ಪಾರ್ಕು ಇವತ್ತಿಗೂ ಅವರ ಹೆಸರಲ್ಲೇ ಇದೆ. ಅದರ ಫೋಟೋ ತೋರಿಸಿ, ಅಡಿಕೆಗಳ ಪಕ್ಕದಲ್ಲೇ ಇಡಿ.