ಥರ್ಮೋಕೋಲ್ ಬ್ಲಾಕ್ ಸ್ಲ್ಯಾಬ್: ಬ್ಲಾಕ್ ತೇಲದಂತೆ ಹಾಕುವುದು ಹೇಗೆ

ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಂಬಿ. ಅಲ್ಲಿರುವ ಕಾಂಕ್ರೀಟಿನ ಬಹುಪಾಲು ಸುಮ್ಮನೆ ತೂಕ. ಆ ಜಾಗಕ್ಕೆ ಥರ್ಮೋಕೋಲ್, ಅಂದರೆ ಇಪಿಎಸ್ ಬ್ಲಾಕ್ ಇಟ್ಟರೆ ತೂಕ ಇಳಿಯುತ್ತದೆ. ಬ್ಲಾಕ್‌ಗಳ ನಡುವಿನ ಸಂದಿಯಲ್ಲಿ ನಿಲ್ಲುವ ಕಾಂಕ್ರೀಟ್ ರಿಬ್ ಆಗುತ್ತದೆ. ರಿಬ್ ಮತ್ತು ಬ್ಲಾಕ್‌ಗಳ ಮೇಲೆ ಹರಡುವ ಕಾಂಕ್ರೀಟಿನ ಮೇಲ್ಪದರ, ಎರಡೇ ಭಾರ ಹೊರುತ್ತವೆ. ಬ್ಲಾಕ್ ಜಾಗ ಹಿಡಿದಿರುತ್ತದೆ, ಅಷ್ಟೆ.

3–4 ಮೀಟರ್ ಅಗಲದ ಕೋಣೆಗೆ ಇದು ಬೇಡ. ಅಲ್ಲಿ 125 ಮಿ.ಮೀ. ಮಾಮೂಲಿ ಸ್ಲ್ಯಾಬೇ ಸಾಕಾಗುತ್ತದೆ, ಉಳಿತಾಯ ಏನೂ ಇಲ್ಲ. ಅಗಲ 5–6 ಮೀಟರ್ ದಾಟಿದಾಗಲೇ ಲಾಭ.

6×8 ಮೀಟರ್ ಹಾಲ್ ತೆಗೆದುಕೊಳ್ಳಿ. ಬ್ಲಾಕ್ 400 ಮಿ.ಮೀ. ಅಗಲ, 250 ಎತ್ತರ, 1 ಮೀಟರ್ ಉದ್ದ. ಮೇಲ್ಪದರ 50 ಮಿ.ಮೀ.; ರಿಬ್ 120 ಮಿ.ಮೀ. ರಿಬ್‌ಗಳು 6 ಮೀಟರ್ ದಿಕ್ಕಿಗೆ ಓಡುತ್ತವೆ, ನಟ್ಟನಡುವೆ 100 ಮಿ.ಮೀ. ಅಡ್ಡ ರಿಬ್ ಒಂದು. ಬೀಮ್ ಪಕ್ಕದಲ್ಲಿ ರಿಬ್‌ನ ಎರಡೂ ತುದಿಗೆ 250 ಮಿ.ಮೀ. ಬ್ಲಾಕ್ ಇಡದೆ ಪೂರ್ತಿ ಕಾಂಕ್ರೀಟ್ ಬಿಡಬೇಕು. ಶಿಯರ್, ಅಂದರೆ ರಿಬ್ಬನ್ನು ಕತ್ತರಿಸುವಂಥ ಬಲ, ಹೆಚ್ಚು ಬೀಳುವುದು ಅಲ್ಲೇ. ಆಗ ಬ್ಲಾಕಿನ 15 ಸಾಲು ಹಿಡಿಯುತ್ತವೆ. ಪ್ರತಿ ಸಾಲಿನಲ್ಲಿ ಅಡ್ಡ ರಿಬ್‌ನ ಒಂದೊಂದು ಬದಿಗೆ ಎರಡು ಪೂರ್ತಿ ಬ್ಲಾಕ್ ಮತ್ತು 70 ಸೆಂ.ಮೀ. ತುಂಡು ಒಂದು. ಉಳಿದ ಚೂರುಗಳನ್ನು ಜೋಡಿಸಿ 70 ಮಾಡಲು ಹೋಗಬೇಡಿ, ಒಂದೊಂದು ಜೋಡಣೆಯೂ ಕಾಂಕ್ರೀಟಿನ ಹಾಲು, ಅಂದರೆ ತೆಳು ಸಿಮೆಂಟ್ ನೀರು, ಇಳಿಯುವ ದಾರಿ. ಒಟ್ಟು 90 ಬ್ಲಾಕ್, ಮುರಿದುಹೋದರೆ ಎಂದು ನಾಲ್ಕೈದು ಜಾಸ್ತಿ ತರಿಸಿ. ಕಾಂಕ್ರೀಟ್ ಸುಮಾರು 6.3 ಘನ ಮೀಟರ್ ಆಗುತ್ತದೆ. ಇದೇ ಹಾಲ್‌ಗೆ 200 ಮಿ.ಮೀ. ಗಟ್ಟಿ ಸ್ಲ್ಯಾಬ್ ಹಾಕಿದರೆ 9.6. ಅಂದರೆ ಕಾಲಮ್, ಪಾಯದ ಮೇಲಿಂದ ಸುಮಾರು 8 ಟನ್ ಇಳಿದಂತೆ. ಈ ಅಳತೆಗಳು ಲೆಕ್ಕ ತೋರಿಸಲು ಮಾತ್ರ. ರಿಬ್‌ನ ಕಂಬಿ, ಕಂಬಿಗಳನ್ನು ಸುತ್ತುವ ರಿಂಗ್, ದಪ್ಪ ಎಲ್ಲವನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ನಿರ್ಧರಿಸಬೇಕು.

ಸೆಂಟ್ರಿಂಗ್ ಹಲಗೆಗೆ ಡೀಸೆಲ್ ಅಥವಾ ಹಳೇ ಎಂಜಿನ್ ಆಯಿಲ್ ಬಳಿಯಬೇಡಿ. ಪೆಟ್ರೋಲಿಯಂ ಎಣ್ಣೆ ತಾಗಿದ ಕಡೆ ಥರ್ಮೋಕೋಲ್ ಮೆತ್ತಗಾಗಿ ಕರಗುತ್ತದೆ. ಥಿನ್ನರ್, ಸಾಲ್ವೆಂಟ್ ಇರುವ ಅಂಟಿನದೂ ಅದೇ ಕಥೆ. ನೀರಿನಲ್ಲಿ ಬೆರೆಯುವ ಶಟರಿಂಗ್ ಆಯಿಲ್ ತೆಳ್ಳಗೆ ಸಾಕು. ಹಲಗೆಯ ಮೇಲೆ ದಾರದಿಂದ ರಿಬ್ ಗೆರೆ ಹೊಡೆದು ಬ್ಲಾಕ್ ಜೋಡಿಸಿ. ಸಾಲು 10 ಮಿ.ಮೀ. ಜರುಗಿದರೂ ಕಂಬಿಯ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಅಷ್ಟು ಕಡಿಮೆಯಾಗುತ್ತದೆ. ರಿಬ್ ಕಂಬಿಯ ಕೆಳಗೂ ಪಕ್ಕಕ್ಕೂ ಆ ಅಂತರ ಕಾಯುವ 25 ಮಿ.ಮೀ. ಕವರ್ ಬ್ಲಾಕ್ ತುಂಡುಗಳು ಇರಲಿ. ಮೇಲ್ಪದರಕ್ಕೆ 6 ಮಿ.ಮೀ. ಕಂಬಿಯ ಜಾಲರಿ, 200 ಮಿ.ಮೀ.ಗೊಂದು. ಕಾಲಮ್ ಸುತ್ತ ಮತ್ತು ಬಾತ್‌ರೂಮ್ ಭಾಗದಲ್ಲಿ ಬ್ಲಾಕ್ ಬೇಡ. ಮೇಲೆ ಇಟ್ಟಿಗೆ ಗೋಡೆ ಬರುವ ಕಡೆ ಎರಡು ರಿಬ್ ಒಟ್ಟಿಗೆ ಕೊಡಬೇಕು.

ಈ ಕೆಲಸ ಕೆಡುವುದು ಹೆಚ್ಚಾಗಿ ಬ್ಲಾಕ್ ತೇಲುವುದರಿಂದ. ಒಂದು ಬ್ಲಾಕ್ ತೂಗುವುದು ಒಂದೂವರೆ ಕೆ.ಜಿ. ಅದರ ಅಡಿಗೆ ಹಸಿ ಕಾಂಕ್ರೀಟಿನ ಹಾಲು ನುಗ್ಗಿತೆಂದರೆ ಮೇಲಕ್ಕೆ ತಳ್ಳುವ ಒತ್ತಡ 240 ಕೆ.ಜಿ.ವರೆಗೂ ಹೋಗುತ್ತದೆ. ಕಾಲಿನಲ್ಲಿ ಮೆಟ್ಟಿ ಹಿಡಿಯುವ ಮಾತೇ ಇಲ್ಲ. 20 ಮಿ.ಮೀ. ಎದ್ದರೂ 50ರ ಮೇಲ್ಪದರ ಅಲ್ಲಿ 30 ಆಗಿಬಿಡುತ್ತದೆ; ಮೇಲಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಬ್ಲಾಕ್ ಅಂಚು ಹಲಗೆಗೆ ಸೇರುವಲ್ಲಿ, ಬ್ಲಾಕಿಗೆ ಬ್ಲಾಕ್ ಕೂಡುವಲ್ಲಿ ಟೇಪ್ ಹಚ್ಚಿ. ಬ್ಲಾಕ್ ಮೇಲೆ ಅಡ್ಡ ಕಂಬಿ ಇಟ್ಟು, ಬೈಂಡಿಂಗ್ ವೈರನ್ನು ಹಲಗೆಯ ತೂತಿನಿಂದ ಇಳಿಸಿ ಕೆಳಗೆ ಹಲಗೆಯನ್ನು ಹೊತ್ತಿರುವ ರನ್ನರ್ ಮರಕ್ಕೆ ಬಿಗಿಯಿರಿ. ಬರೀ ರಿಬ್ ಕಂಬಿಗೆ ಕಟ್ಟಿದರೆ ಬ್ಲಾಕಿನ ಜೊತೆ ಕಂಬಿಯೂ ಎದ್ದು ಬರುತ್ತದೆ. ಕಟ್ಟುವ ಮೊದಲು ಗಾಳಿಗೂ ಹಾರಿಹೋಗುತ್ತವೆ, ಅವತ್ತು ಇಟ್ಟದ್ದನ್ನು ಅವತ್ತೇ ಬಿಗಿದುಬಿಡಿ.

ಕಾಂಕ್ರೀಟಿಗೆ 12 ಮಿ.ಮೀ. ಜಲ್ಲಿ ಹಾಕಿಸಿ. 20ರ ಜಲ್ಲಿ ರಿಬ್ ಕಂಬಿಗಳ ನಡುವೆ ಸಿಕ್ಕಿಕೊಂಡು ಅಡಿಯಲ್ಲಿ ಟೊಳ್ಳು ಉಳಿಯುತ್ತದೆ. ಮೊದಲು ರಿಬ್‌ಗಳನ್ನು ಅರ್ಧ ತುಂಬಿಸಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ 25 ಮಿ.ಮೀ. ನೀಡಲ್ ವೈಬ್ರೇಟರ್ ನೇರ ಇಳಿಸಿ ನಿಧಾನ ಎತ್ತಿ. ಬ್ಲಾಕಿಗೆ ತಾಗಿದರೆ ಕೊರೆದುಬಿಡುತ್ತದೆ. ಕೆಳಗಿನದು ಸ್ವಲ್ಪ ಬಿಗಿದುಕೊಂಡ ಮೇಲೆ, ಸೆಟ್ ಆಗುವುದಕ್ಕೆ ಮುಂಚೆಯೇ, ಉಳಿದದ್ದನ್ನೂ ಮೇಲ್ಪದರವನ್ನೂ ಹಾಕಿ. ತಡವಾದರೆ ಎರಡು ಪದರ ಒಂದಾಗುವುದಿಲ್ಲ. ಓಡಾಟಕ್ಕೆ, ಕೈಗಾಡಿಗೆ ಹಲಗೆ ಹಾಸಿರಬೇಕು; ಬರಿಗಾಲಿನ ಹಿಮ್ಮಡಿಯೂ ಬ್ಲಾಕನ್ನು ಕುಗ್ಗಿಸುತ್ತದೆ. ಮೇಲ್ಪದರ ತೆಳು, ಬೇಗ ಒಣಗಿ ಬಿರುಕು ಬಿಡುತ್ತದೆ. ಅದೇ ದಿನ ಗೋಣಿ ತಾಟು ಹೊದಿಸಿ, ಕನಿಷ್ಠ 7 ದಿನ ನೀರು ಆರದಂತೆ ನೋಡಿಕೊಳ್ಳಿ.

ವಿದ್ಯುತ್ ವೈರನ್ನು ಪೈಪಿನೊಳಗೇ ಒಯ್ಯಬೇಕು. ಪಿವಿಸಿ ಕವಚದ ವೈರ್ ಥರ್ಮೋಕೋಲಿಗೆ ನೇರ ತಾಗಿದ್ದರೆ ಕವಚದ ಮೆದುತನ ಹೋಗಿ ಕ್ರಮೇಣ ಬಿರುಸಾಗುತ್ತದೆ. ಬೆಂಕಿ ಬೇಗ ಹರಡದ ದರ್ಜೆಯ ಬ್ಲಾಕನ್ನೇ ಕೇಳಿ ತನ್ನಿ. ಹತ್ತಿರದಲ್ಲಿ ವೆಲ್ಡಿಂಗ್ ನಡೆಯಬಾರದು. ಕೆಳಮೈಯನ್ನು ಬರಿದಾಗಿ ಬಿಡುವಂತಿಲ್ಲ. ನುಣುಪಾದ ಬ್ಲಾಕಿಗೆ ಗಾರೆ ಕೂರುವುದಿಲ್ಲ, ರಿಬ್‌ಗೆ ಜಾಲರಿ ಬಿಗಿದು ಅದರ ಮೇಲೆ ಗಾರೆ ಮಾಡಿ. ಫ್ಯಾನ್ ಹುಕ್‌ಗಳನ್ನು ಕಾಂಕ್ರೀಟ್ ಹಾಕುವ ಮೊದಲೇ ರಿಬ್ ಕಂಬಿಗೆ ಕಟ್ಟಿರಿ. ಸೀಲಿಂಗ್ ಆ್ಯಂಕರ್‌ಗಳೂ ರಿಬ್‌ಗೇ ಹೋಗಬೇಕು. ಗಾರೆಯಾದ ಮೇಲೆ ರಿಬ್ ಎಲ್ಲಿದೆ ಎಂದು ಕಾಣುವುದಿಲ್ಲ, ಅದಕ್ಕೆ ಮೊದಲು ಗೋಡೆಯ ಮೇಲ್ತುದಿಯಲ್ಲಿ ರಿಬ್‌ಗಳ ಗುರುತು ಹಾಕಿ ಫೋಟೊ ತೆಗೆದಿಡಿ.