ಮಕ್ಕಳ ಜೊತೆ ನದಿ ಕಮರಿಗೆ ಹೋಗ್ತಿದ್ದೀರಾ? ನೀರಂಚಿಗೆ ಒಂದು ಕಲ್ಲಿಡಿ

ರಜೆಯಲ್ಲಿ ಮನೆಮಂದಿಯೆಲ್ಲ ನದಿ ಕಮರಿಯೊಳಗೆ ನಡೆಯಲು ಹೋಗುವವರಿಗೆ ಒಂದು ಮಾತು. ತಲೆ ಮೇಲೆ ಬಿಸಿಲಿದೆ ಅಂತ ಸುಮ್ನೆ ನಂಬಬೇಡಿ. ಎಷ್ಟೋ ಕಿಲೋಮೀಟರ್ ಮೇಲೆ ಮಳೆ ಸುರಿದರೂ ಆ ನೀರೆಲ್ಲ ಇದೇ ಇಕ್ಕಟ್ಟಿನಲ್ಲಿ ನುಗ್ಗಿ ಬರುತ್ತದೆ. ಎರಡೂ ಕಡೆ ಬಂಡೆಗೋಡೆ, ಪಕ್ಕಕ್ಕೆ ಸರಿಯಲು ಜಾಗ ಇರುವುದಿಲ್ಲ ಅಲ್ವಾ? ಹಾಗಾಗಿ ನದಿ ಹರಿದು ಬರುವ ಕಡೆಯ ಹವಾಮಾನ ನೋಡಿಕೊಂಡೇ ಹೊರಡಿ. ಮೇಲೆ ಅಣೆಕಟ್ಟು ಇದ್ದರೆ ನೀರು ಯಾವಾಗ ಬಿಡುತ್ತಾರೆ ಅಂತ ಕೇಳಿಕೊಳ್ಳಿ.

ನಾವು ಕೂತಲ್ಲೆಲ್ಲ ನೀರು ಮುಟ್ಟುವ ಅಂಚಿಗೆ ಮುಷ್ಟಿ ಗಾತ್ರದ ಒಂದು ಒಣ ಕಲ್ಲು ಇಡುತ್ತೇವೆ. ಅದನ್ನು ಕಾಯುವ ಕೆಲಸ ಮಗಳದು. ತುಂಬ ಶ್ರದ್ಧೆಯಿಂದ ಕಾಯುತ್ತಾಳೆ. ಕಲ್ಲಿನ ಬುಡ ಮುಳುಗಿತು, ತಿಳಿನೀರು ಕದಡಿತು, ಕಡ್ಡಿ ತರಗೆಲೆ ತೇಲಿಬಂತು ಅಂದರೆ ಬ್ಯಾಗು ಬಿಟ್ಟಾದರೂ ಸರಿ, ತಕ್ಷಣ ಎತ್ತರಕ್ಕೆ ಹತ್ತಿ.

ಸೆಳೆತ ಜೋರಿದ್ದರೆ ಬರೀ 15 ಸೆಂಟಿಮೀಟರ್ ನೀರು ದೊಡ್ಡವರನ್ನೂ ಕೆಡವಬಲ್ಲದು. ಅಂಥ ಕಡೆ ದಾಟಲೇಬೇಡಿ. ನಿಧಾನ ಹರಿವಿನಲ್ಲೂ ಶೂ ಕಳಚಬೇಡಿ, ಪಾಚಿಗಲ್ಲು ಜಾರುತ್ತದೆ. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಬ್ಯಾಗು ಬೇಗ ಕಳಚಬಹುದು. ಮಕ್ಕಳನ್ನು ಹಿಡಿಯುವಾಗ ಬೆರಳಲ್ಲ, ಮಣಿಕಟ್ಟು ಹಿಡಿಯಿರಿ. ಒದ್ದೆ ಬೆರಳು ಜಾರಿಬಿಡುತ್ತದೆ.

ಇನ್ನೊಂದು, ಮಕ್ಕಳಿಗೆ ಸುಸ್ತು ಜಾಸ್ತಿ ಆಗುವುದು ವಾಪಸ್ ಬರುವಾಗ. ಇರುವ ಸಮಯದಲ್ಲಿ ಮೂರನೇ ಒಂದು ಭಾಗ ಮುಗಿದ ಕೂಡಲೇ ಹಿಂದಿರುಗಿ. ಕಮರಿಯೊಳಗೆ ಕತ್ತಲೆ ಬೇಗ ಇಳಿಯುತ್ತದೆ.