ಮೂರೇ ಮೂರು ತಲೆ: ಸೆನೆಟ್ ಲೆಕ್ಕ ನನಗೆ ದಕ್ಕಿದ ಕಥೆ

ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಅವರನ್ನು ಅಮೆರಿಕದ ಸುಪ್ರೀಂ ಕೋರ್ಟಿನ ಜಡ್ಜ್ ಮಾಡೋಕೆ ಅಲ್ಲಿನ ಮೇಲ್ಮನೆ ಸೆನೆಟ್ ಹಾಕಿದ ಮತ 53–47. ಮತ ಬೀಳೋಕೆ ಹತ್ತು ಹನ್ನೆರಡು ದಿನ ಇರುವಾಗಲೇ ಈ ಅಂಕಿಯನ್ನೂ ಪಕ್ಷ ದಾಟುವ ಮೂರು ಹೆಸರನ್ನೂ ಬರೆದು ಲಕೋಟೆಗೆ ಹಾಕಿ ಕೊಟ್ಟಿದ್ದೆ. 2022ರ ಏಪ್ರಿಲ್ 7ರಂದು ಅದನ್ನು ಒಡೆದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆರು ವರ್ಷ ನನ್ನನ್ನು 'ಜೋಯಿಸರು' ಅಂತ ಆಡಿಕೊಂಡ ಬಾಯಿಗಳೇ ಇವು.

ನಾವು ಮೇರಿಲ್ಯಾಂಡಿನಲ್ಲಿರುವ ಹನ್ನೊಂದು ಜನ ಕನ್ನಡದವರು. ಸುಪ್ರೀಂ ಕೋರ್ಟಿಗೆ ಹೊಸ ಹೆಸರು ಬಂದಾಗಲೆಲ್ಲ ತಲಾ 20 ಡಾಲರ್ ಹಾಕುತ್ತೇವೆ. ಅಂಕಿ ಸರಿಯಾಗಿ ಹೇಳಿದವರಿಗೆ ಅಷ್ಟೂ ದುಡ್ಡು. ಯಾರೂ ಹೇಳದಿದ್ದರೆ ಊಟಕ್ಕೆ. ತುಂಬಾ ವರ್ಷ ಊಟವೇ ಆಯಿತು.

ನನ್ನ ಮೊದಲ ಏಟು ಗಾರ್ಲೆಂಡ್. 2016ರ ಫೆಬ್ರವರಿಯಲ್ಲಿ ಜಡ್ಜ್ ಸ್ಕಾಲಿಯಾ ತೀರಿಕೊಂಡರು, ಮಾರ್ಚಿನಲ್ಲಿ ಒಬಾಮಾ ಗಾರ್ಲೆಂಡ್ ಹೆಸರು ಕೊಟ್ಟರು. ವಿಚಾರಣೆಯನ್ನೇ ನಡೆಸಲ್ಲ ಅಂತ ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ನರ ನಾಯಕ ಮೆಕಾನಲ್ ಕೂತುಬಿಟ್ಟರು. 'ಬೇಸಿಗೆ ಕಳೀಲಿ, ಮೆತ್ತಗಾಗ್ತಾರೆ' ಅಂತ ನಾನು ಒಬ್ಬರ ಜೊತೆ ಬೇರೆಯಾಗಿ 100 ಡಾಲರ್ ಪಂಥ ಕಟ್ಟಿದೆ. ಎಕ್ಸೆಲ್‌ನಲ್ಲಿ ನೂರು ಜನರ ಹೆಸರು, ಒಬ್ಬೊಬ್ಬರಿಗೂ ಏಳೆಂಟು ಕಾಲಂ. 293 ದಿನ ಆ ಹಾಳೆ ಹಾಗೇ ಬಿದ್ದಿತ್ತು. ಎಣಿಸೋಕೆ ಮತವೇ ಬೀಳಲಿಲ್ಲವಲ್ಲ! ಮನೆಗೆ ಬೀಗ ಹಾಕಿದ್ದಾರಾ ಅಂತ ನೋಡದೆ ಒಳಗೆ ಎಷ್ಟು ಎಲೆ ಹಾಕಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದೆ.

ಮುಂದಿನ ವರ್ಷ ಟ್ರಂಪ್ ಕೊಟ್ಟ ಹೆಸರು ಗೋರ್ಸಚ್. ಟ್ರಂಪ್ ಗೆದ್ದ ರಾಜ್ಯಗಳಲ್ಲಿ ಹತ್ತು ಜನ ಡೆಮಾಕ್ರಾಟರು 2018ಕ್ಕೆ ಚುನಾವಣೆ ಎದುರಿಸಬೇಕಿತ್ತು. ಆರು ಜನ ಹೆದರಿ ಹೌದು ಅಂತಾರೆ ಅಂದುಕೊಂಡು 58–42 ಬರೆದೆ. ಹೆದರಿದ್ದು ಮೂವರು: ಮ್ಯಾಂಚಿನ್, ಹೈಟ್‌ಕ್ಯಾಂಪ್, ಡಾನೆಲಿ. ಅದಕ್ಕಿಂತ ದೊಡ್ಡ ಅವಮಾನ ಏಪ್ರಿಲ್ 6ರಂದು ಆಯಿತು. ಕ್ಲೋಚರ್ ಮತದಲ್ಲಿ (ಚರ್ಚೆ ಮುಗಿಸಿ ಅಂತಿಮ ಮತಕ್ಕೆ ಹೋಗೋಣವಾ ಅನ್ನೋ ಮತ, ಅದಕ್ಕೆ ಆಗ ಅರವತ್ತು ಬೇಕಿತ್ತು) ಮೆಕಾನಲ್ ಅವರೇ 'ನೋ' ಅಂದುಬಿಟ್ಟರು. ಹಾಳೆಯಲ್ಲಿ ಎಲ್ಲೋ ತಪ್ಪಾಗಿದೆ ಅಂತ ಅರ್ಧ ಗಂಟೆ ಫಾರ್ಮುಲಾ ತಡಕಾಡಿದೆ. ಆ ಮತದಲ್ಲಿ ಗೆದ್ದ ಕಡೆ ನಿಂತವರು ಮಾತ್ರ ಅದನ್ನು ಮತ್ತೆ ಎತ್ತಬಹುದು, ಅದಕ್ಕೇ ಬೇಕಂತಲೇ ಆ ಕಡೆ ಹೋಗಿದ್ದರು. ಅದೇ ದಿನ 52–48ರಲ್ಲಿ ಅರವತ್ತರ ಕಟ್ಟು ಮುರಿದು ಹಾಕಿದರು. ಮರುದಿನ ಅಂತಿಮ ಮತ 54–45. ಬೆನ್ನಿನ ಆಪರೇಷನ್ ಆಗಿದ್ದ ರಿಪಬ್ಲಿಕನ್ ಐಸಾಕ್‌ಸನ್ ಬರಲೇ ಇಲ್ಲ. ನನ್ನ ಏಳೆಂಟು ಕಾಲಂಗಳಲ್ಲಿ ಬೆನ್ನುನೋವಿಗೆ ಜಾಗ ಇರಲಿಲ್ಲ.

2018ರಲ್ಲಿ ಕ್ಯಾವನಾ ಸರದಿ ಬಂದಾಗ ಗೆದ್ದೇ ಬಿಟ್ಟೆ ಅಂದುಕೊಂಡಿದ್ದೆ. ನಾನು ಬರೆದಿದ್ದು 51–49. ಅಕ್ಟೋಬರ್ 5ರ ಕ್ಲೋಚರ್‌ನಲ್ಲಿ ಬಂದಿದ್ದೂ ಅದೇ. ರಾತ್ರಿ ಸುಖವಾಗಿ ಮಲಗಿದೆ. ಮರುದಿನ ಅಂತಿಮ ಮತ 50–48. ಮೊಂಟಾನಾದಲ್ಲಿ ರಿಪಬ್ಲಿಕನ್ ಸೆನೆಟರ್ ಡೇನ್ಸ್ ಅವರ ಮಗಳ ಮದುವೆ! ಅವರು ಅಲ್ಲಿಗೆ ಹೋದರು. ಕ್ಯಾವನಾಗೆ ವಿರೋಧವಿದ್ದ ಅದೇ ಪಕ್ಷದ ಮರ್ಕೌಸ್ಕಿ, ಡೇನ್ಸ್ ಗೈರಿಗೆ ಜೋಡಿಯಾಗಿ ಬರೀ 'ಹಾಜರ್' ಅಂದರು. ಹೌದಿಗೆ ಒಂದು, ಇಲ್ಲಕ್ಕೆ ಒಂದು ಕಮ್ಮಿ. ರಾಯರು (ಗುಂಪಿನ ಹಿರಿಯರು, ದುಡ್ಡು ಇರೋದು ಅವರ ಹತ್ತಿರ) ಫೋನ್ ಮಾಡಿ, 'ಏನಪ್ಪಾ ಜೋಯಿಸಾ, ಪಂಚಾಂಗದಲ್ಲಿ ಮದುವೆ ಮುಹೂರ್ತ ನೋಡೋದೇ ಮರೆತ್ಯಾ?' ಅಂದರು. ಏನು ಹೇಳೋದು?

ಈ ಮಧ್ಯೆ ಸುಮ್ನೆ ಕಳೆದ ದುಡ್ಡೂ ಇದೆ. ಸೆನೆಟ್ ಒಳಸುದ್ದಿ ಕೊಡುತ್ತೇವೆ ಅನ್ನುವ ಒಂದು ಚಂದಾ ಪತ್ರಿಕೆಗೆ ಎರಡು ವರ್ಷದಲ್ಲಿ 400 ಡಾಲರ್ ಹತ್ತಿರ ಸುರಿದೆ. ಅದರಲ್ಲಿ ಬಂದಿದ್ದೆಲ್ಲ ಸಂಜೆ ಟೀವಿಯಲ್ಲೂ ಬರುತ್ತಿತ್ತು. ಸೆನೆಟರ್‌ಗಳ ಆಫೀಸಿಗೆ ಫೋನ್ ಮಾಡಿಯೂ ನೋಡಿದೆ, ನಲವತ್ತು ಕರೆ ಇರಬಹುದು. ಫೋನ್ ಎತ್ತುವ ಹುಡುಗ ಹುಡುಗಿಯರು ಒಂದೇ ಪಾಠ ಒಪ್ಪಿಸುತ್ತಾರೆ: ಪರಿಶೀಲಿಸುತ್ತಿದ್ದಾರೆ. ಹಳೇ ಮತಗಳ ಮೇಲೂ ಲೆಕ್ಕ ಓಡಿಸಿದೆ. 1991ರ ಥಾಮಸ್‌ಗೆ 52–48 ಬಂದಾಗ ಹನ್ನೊಂದು ಡೆಮಾಕ್ರಾಟರು ಹೌದು ಅಂದಿದ್ದರು. ಅಂಥ ಕಾಲಕ್ಕೆ ನನ್ನ ಲೆಕ್ಕ ಕೆಲಸಕ್ಕೆ ಬಾರದು. 2019ರ ಜುಲೈನಲ್ಲಿ ಚಪಲ ತಡೆಯದೆ ಕುಮಾರಸ್ವಾಮಿಯವರ ವಿಶ್ವಾಸಮತಕ್ಕೂ ಹಾಕಿ ನೋಡಿದೆ. 99–105 ಅನ್ನೋದು ನನ್ನ ಹಾಳೆಯ ಹತ್ತಿರಕ್ಕೂ ಸುಳಿಯಲಿಲ್ಲ. ರೆಸಾರ್ಟ್‌ಗೆ ಕಾಲಂ ಹೇಗೆ ಹಾಕೋದು ಹೇಳಿ.

ಬ್ಯಾರೆಟ್ ಮತದಲ್ಲಿ ಅರ್ಧ ದಾರಿ ಸಿಕ್ಕಿತು. 2020ರ ಅಕ್ಟೋಬರ್, ಚುನಾವಣೆಗೆ ಎಂಟೇ ದಿನ. ರಿಪಬ್ಲಿಕನ್ನರು 53. ಅವರಲ್ಲಿ ಕಾಲಿನ್ಸ್ ಮತ್ತು ಮರ್ಕೌಸ್ಕಿ ಇಬ್ಬರೂ ವಿರುದ್ಧ ಹೋಗುತ್ತಾರೆ ಅಂತ 51–49 ಕೊಟ್ಟಿದ್ದೆ. ಭಾನುವಾರದ ಕ್ಲೋಚರ್‌ನಲ್ಲಿ ಇಬ್ಬರೂ ವಿರುದ್ಧವೇ ಹಾಕಿದರು. ಸೋಮವಾರ ಮರ್ಕೌಸ್ಕಿ ವಾಪಸ್ ಬಂದರು: 52–48. ಚುನಾವಣೆಯ ಹೊಸ್ತಿಲಲ್ಲಿ ಈ ಅವಸರ ಬೇಡ ಅನ್ನೋದು ಅವರ ತಕರಾರು, ಬ್ಯಾರೆಟ್ ಬಗ್ಗೆ ಅಲ್ಲ. ಅಲ್ಲಿಂದ ಕ್ಲೋಚರ್‌ಗೂ ಅಂತಿಮ ಮತಕ್ಕೂ ಬೇರೆ ಬೇರೆ ಕಾಲಂ ಮಾಡಿದೆ. ಇನ್ನೊಂದು ಕಾಲಂ ಪೂರ್ತಿ ಅಳಿಸಿದೆ: ಅದೇ ವ್ಯಕ್ತಿಗೆ ಕೆಳ ಕೋರ್ಟಿನ ಸಲ ಹಾಕಿದ ಮತ. 2017ರಲ್ಲಿ ಬ್ಯಾರೆಟ್ ಅವರನ್ನು ಏಳನೇ ಸರ್ಕ್ಯೂಟ್‌ಗೆ (ಸುಪ್ರೀಂ ಕೋರ್ಟಿನ ಕೆಳಗಿನ ಮೇಲ್ಮನವಿ ಕೋರ್ಟು) ಕಳಿಸುವಾಗ ಹೌದು ಅಂದಿದ್ದ ಡೆಮಾಕ್ರಾಟ್ ಟಿಮ್ ಕೇನ್ 2020ರಲ್ಲಿ ಇಲ್ಲ ಅಂದರು. ಕೆಳ ಕೋರ್ಟಿನ ಮತ ಸಭ್ಯತೆಗೆ ಹಾಕಿದ್ದು, ಅಷ್ಟೇ.

ಕಾಲಿನ್ಸ್ ಅವರನ್ನು ನೋಡುತ್ತಾ ನನಗೆ ಅಸಲು ವಿಷಯ ಹೊಳೆಯಿತು. ಅವರು ಮೇನ್ ರಾಜ್ಯದಲ್ಲಿ ಕಷ್ಟದ ಚುನಾವಣೆಯಲ್ಲಿದ್ದರು. ಮೆಕಾನಲ್ ಕೈಯಲ್ಲಿ ಮತ ಸಾಕಷ್ಟು ಇತ್ತು. ಇಂಥ ಹೊತ್ತಲ್ಲಿ ಒಬ್ಬರು ಆಚೆ ಹೋದರೆ ನಾಯಕನಿಗೆ ನಷ್ಟವಿಲ್ಲ, ಹೋದವರಿಗೆ ಲಾಭ. ಹಾಗಾಗಿ ನೂರು ತಲೆ ಎಣಿಸೋದು ಬಿಟ್ಟೆ. ಈಗ ಮೊದಲು ನೋಡೋದು ನಾಯಕನಿಗೆ ಐವತ್ತು ಮತ್ತು (ಸಮ ಆದರೆ ಬೀಳುವ) ಉಪಾಧ್ಯಕ್ಷರ ಮತ ಗಟ್ಟಿ ಇದೆಯಾ ಅಂತ. ಇದ್ದರೆ ಮತ ಎಷ್ಟು ಅನ್ನೋದನ್ನು ಅಭ್ಯರ್ಥಿಯ ಯೋಗ್ಯತೆ ತೀರ್ಮಾನ ಮಾಡಲ್ಲ. ಪಕ್ಷದ ಸಿಟ್ಟು ಯಾರಿಗೆ ತಟ್ಟಲ್ಲ ಅನ್ನೋದು ಮಾಡುತ್ತೆ.

ಜ್ಯಾಕ್ಸನ್‌ಗೆ ಇದನ್ನೇ ಹಾಕಿದೆ. ಹೆಸರು ಕೊಟ್ಟಿದ್ದು ಡೆಮಾಕ್ರಾಟ್ ಬೈಡನ್. ಮಾರ್ಚ್ 25ಕ್ಕೆ ಮ್ಯಾಂಚಿನ್ ಒಪ್ಪಿದರು, ಡೆಮಾಕ್ರಾಟರ ನಾಯಕ ಶೂಮರ್ ಅವರ ಐವತ್ತು ಪೂರ್ತಿಯಾಯಿತು. ಕಾಲಿನ್ಸ್‌ಗೆ ಇನ್ನು 2026ರವರೆಗೆ ಚುನಾವಣೆ ಇರಲಿಲ್ಲ. ಮರ್ಕೌಸ್ಕಿಗೆ 2022ರಲ್ಲೇ ಇತ್ತು, ಆದರೆ ಅವರ ಅಲಾಸ್ಕಾದಲ್ಲಿ ಪಕ್ಷದ ಪ್ರೈಮರಿಯನ್ನೇ (ಪಕ್ಷದೊಳಗೇ ಅಭ್ಯರ್ಥಿ ಆರಿಸುವ ಚುನಾವಣೆ) ತೆಗೆದು ಮೊದಲ ನಾಲ್ವರನ್ನು ಮುಂದಕ್ಕೆ ಬಿಡುವ ಪದ್ಧತಿ ಬಂದಿತ್ತು, ಪಕ್ಷ ಸಿಟ್ಟಾದರೂ ಬಚಾವ್. ಮೂರನೆಯವರು ರಾಮ್ನಿ. ಹಿಂದಿನ ವರ್ಷ ಡಿ.ಸಿ. ಸರ್ಕ್ಯೂಟ್‌ಗೆ ಇದೇ ಜ್ಯಾಕ್ಸನ್ ಹೆಸರು ಬಂದಾಗ ಅವರು ಬೇಡ ಅಂದಿದ್ದರು. ಎಲ್ಲರೂ ನಕ್ಕಿದ್ದು ಅದಕ್ಕೇ. ರಾಮ್ನಿಯನ್ನು ಹೇಗೆ ಹಿಡಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಮುಂದಿನ ಸಲಕ್ಕೂ ಬೇಕು. ಹಳೇ ಮತಗಳಿಗೂ ಭಾಷಣಕ್ಕೂ ಸಂಬಂಧ ಇಲ್ಲದ ಒಂದು ಕಡೆ ನೋಡುತ್ತೇನೆ ಅಂತ ಹೇಳಬಲ್ಲೆ.

ರಿಪಬ್ಲಿಕನ್ ಗ್ರಹಾಂ ಹೌದು ಅಂತಾರೆ ಅಂತ ನಮ್ಮಲ್ಲಿ ಏಳು ಜನ ಬರೆದಿದ್ದರು. ಗ್ರಹಾಂ ಒಬಾಮಾ ಕೊಟ್ಟ ಸೊಟೊಮೇಯರ್‌ಗೆ ಹಾಕಿದ್ದರು, ಕೇಗನ್‌ಗೆ ಹಾಕಿದ್ದರು, 2021ರಲ್ಲಿ ಜ್ಯಾಕ್ಸನ್‌ಗೇ ಹಾಕಿದ್ದರು. ನಾನು ಆ ಕಾಲಂ ಅಳಿಸಿ ಆಗಿತ್ತಲ್ಲ. ಅವರಿಗೆ ಬೇಕಿದ್ದದ್ದು ತಮ್ಮ ರಾಜ್ಯದ ಜಡ್ಜ್ ಮಿಶೆಲ್ ಚೈಲ್ಡ್ಸ್. ಅದು ಬಹಿರಂಗವಾಗೇ ಇತ್ತು.

ಮತದ ದಿನ ಎಲ್ಲರದೂ ಬಿದ್ದು, ರ‍್ಯಾಂಡ್ ಪಾಲ್ ಒಬ್ಬರಿಗಾಗಿ ಕಾಯಬೇಕಾಯಿತು. ಅವರೇನಾದರೂ ಬರದೇ ಇದ್ದಿದ್ದರೆ 53–46! ಮದುವೆ, ಬೆನ್ನುನೋವು ಎಲ್ಲ ಕಣ್ಣ ಮುಂದೆ ಬಂತು. ಆಫೀಸಿನ ಮೀಟಿಂಗ್ ಮ್ಯೂಟ್ ಮಾಡಿ ಟೀವಿ ಮುಂದೆ ಓಡಾಡಿದೆ. ಹೆಂಡತಿ 'ನಿಮ್ಮನೇ ಜಡ್ಜ್ ಮಾಡ್ತಿದ್ದಾರಾ?' ಅಂತ ಕೇಳಿದಳು. ಕೊನೆಗೂ ಬಂದರು ಪುಣ್ಯಾತ್ಮ. ಬಂದು 'ನೋ' ಅಂದರು.

ಶನಿವಾರ ರಾಯರು ಮನೆಗೇ ಬಂದು 220 ಡಾಲರ್ ಕೊಟ್ಟರು. ಅದರಲ್ಲಿ 20 ನನ್ನದೇ. ಪಂಥ, ಚಂದಾ ಎಲ್ಲ ಕಳೆದರೆ ಇನ್ನೂ 300ಕ್ಕೂ ಜಾಸ್ತಿ ಕೈಬಿಟ್ಟಿದೆ. ರಾಯರು ಕಾಫಿ ಕುಡಿದು ಏಳುವಾಗ ಮೆತ್ತಗೆ ಕೇಳಿದರು, 'ಅಲ್ಲಯ್ಯಾ, ಆ ರಾಮ್ನಿ ಹೆಂಗೆ?'

ನಾನು ಇನ್ನೊಂದು ಲೋಟ ಕಾಫಿ ತರೋಕೆ ಒಳಗೆ ಹೋದೆ.